ನೆರಳಲ್ಲಿ ಒಣಗಿಸಿದ ಪೊರೆ

ಪುತ್ತೂರು
೬ ಅಕ್ಟೋಬರ್ ೧೯೮೬

ಪ್ರಿಯ ಲಾಲಿ,

ಈ ಕಾಗದ ನೋಡಿ ನಿನಗೆ ಆಶ್ಚರ್ಯವಾಗಬಹುದು. ನೀನು ಮದ್ರಾಸ್ ಬಿಟ್ಟು ಊರಿಗೆ ಹೋದ ಮೇಲೆ ನಾನು ಬರೆಯಲೇ ಇಲ್ಲ. ಪ್ರಬಂಧ, ಆಮೇಲೆ ಕೆಲಸ ಎಂದು ವರ್ಷಗಳು ಹೇಗೆ ಹೋದವೋ ತಿಳಿಯಲಿಲ್ಲ. ನಿನ್ನ ತಂದೆ ತೀರಿಕೊಂಡ ಸುದ್ದಿ ತಡವಾಗಿ ಕೇಳಿದೆ. ಬೇಸರವಾಯಿತು.

ನನಗೆ ಡಾಕ್ಟರೇಟ್ ಬಂದ ವಿಷಯ ತಿಳಿದಿರಬೇಕು. ಈಗ ಕಾರ್ಖಾನೆಗಳ ಹೊಲಸು ನೀರನ್ನು ಶುದ್ಧ ಮಾಡುವ ಘಟಕ ಹಾಕುವ ಕಂಪೆನಿಯೊಂದರಲ್ಲಿ ಇದ್ದೇನೆ. ಯೋಗಾಯೋಗ ನೋಡು, ನನ್ನ ಮೊದಲ ಘಟಕವೇ ನಿಮ್ಮ ಕಡಬದಲ್ಲಿ, ಆಂಟಣಿಯವರ ರಬ್ಬರ್ ಫ್ಯಾಕ್ಟರಿಯಲ್ಲಿ! ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಸಾಕುತ್ತೇವೆ. ಅವು ಕೊಳೆಯನ್ನು ತಿಂದ ಮೇಲೆ ನೀರನ್ನು ಜಪಾನಿನಿಂದ ತರಿಸಿದ ತೆಳುವಾದ ಪೊರೆಗಳ ಮೂಲಕ ಹಾಯಿಸುತ್ತೇವೆ. ನೀರು ಆಚೆಗೆ, ಹೊಲಸು ಈಚೆಗೆ. ನಿನಗೆ ನಾನು ಹೇಳಬೇಕೇ.

ತೊಂದರೆ ಏನೆಂದರೆ ಪೊರೆ ಕಟ್ಟಿಕೊಳ್ಳುತ್ತಿದೆ. ಮೊದಲ ದಿನ ಭೋರೆಂದು ಬಂದ ನೀರು ವಾರ ತುಂಬುವುದರೊಳಗೆ ತೊಟ್ಟಿಕ್ಕತೊಡಗುತ್ತದೆ. ಬಿಚ್ಚಿ ನೋಡಿದರೆ ಮೇಲೆಲ್ಲ ರಬ್ಬರಿನ ಪದರ. ಬ್ರಷ್ಷಿನಲ್ಲಿ ಉಜ್ಜಿದರೆ ಇನ್ನಷ್ಟು ಹರಡಿ ಅಂಟುತ್ತದೆ. ಕಾಸ್ಟಿಕ್ ಸೋಡಾ ನೀರಿಗೂ ಜಗ್ಗುವುದಿಲ್ಲ. ಡಿಸೆಂಬರಿನಲ್ಲಿ ನಮ್ಮ ಪ್ರೊಫೆಸರ್ ಮತ್ತು ಸರಕಾರದವರು ಘಟಕ ನೋಡಲು ಬರುತ್ತಾರೆ. ಅಷ್ಟರೊಳಗೆ ಸರಿಯಾಗದಿದ್ದರೆ ನನ್ನ ಮಾನ ಹೋಗುತ್ತದೆ.

ನೀನು ರಬ್ಬರಿನ ಮನೆಯವಳು. ಏನಾದರೂ ಉಪಾಯ ಹೇಳುತ್ತೀಯಾ?

ಕಡಬಕ್ಕೆ ವಾರವಾರ ಬರುತ್ತೇನೆ. ನಿನ್ನಲ್ಲಿಗೂ ಬರಬೇಕೆಂದಿದ್ದೆ, ಬಸ್ಸಿನ ಹೊತ್ತಾಗಿತ್ತು.

ನಿನ್ನ ಹಳೆಯ ಗೆಳೆಯ,
ರಾಮಪ್ರಸಾದ


ಕಡಬ
೧೪ ಅಕ್ಟೋಬರ್ ೧೯೮೬

ಆಸಿಯಾ,

ನಾನು ಚೆನ್ನಾಗಿದ್ದೇನೆ, ನೀನು ಶಾರ್ಜಾದಲ್ಲಿ ಚೆನ್ನಾಗಿದ್ದೀಯೆಂದು ನಂಬಿದ್ದೇನೆ ಎಂಬುದನ್ನೆಲ್ಲ ಇವತ್ತು ಬಿಟ್ಟುಬಿಡುತ್ತೇನೆ. ಸಿಟ್ಟಿನಲ್ಲಿ ಗೀಚುತ್ತಿದ್ದೇನೆ. ಅಕ್ಷರ ವಕ್ರವಾದರೆ ನೀನೇ ನೇರ ಮಾಡಿ ಓದಿಕೋ.

ಆ ಕೆದಂಬಾಡಿಯ ರಾಮಪ್ರಸಾದ ಕಾಗದ ಬರೆದಿದ್ದಾನೆ. ಆಂಟಣಿಚೇಟ್ಟನ ಫ್ಯಾಕ್ಟರಿ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಅಲ್ಲಿಗೆ ವಾರವಾರ ಬರುವ ಮನುಷ್ಯ ನನಗೆ ಪುತ್ತೂರಿನಿಂದ ಅಂಚೆಯಲ್ಲಿ ಬರೆಯುತ್ತಾನೆ. ಮುಖ ತೋರಿಸಬೇಕಾದರೆ ಮುಖ ಇರಬೇಕಲ್ಲ!

ನಿನಗೆ ಅಷ್ಟಿಷ್ಟು ಗೊತ್ತಿದೆ, ಪೂರ್ತಿ ಹೇಳಿರಲಿಲ್ಲ. ರಬ್ಬರ್ ನೀರಿಗೆ ಪೊರೆ ಯಾಕೆ ಕಟ್ಟುತ್ತದೆ ಎಂದು ಮದ್ರಾಸಿನಲ್ಲಿ ನೋಡುತ್ತಿದ್ದವಳು ನಾನು. ಅವನ ವಿಷಯ ಬೇರೆ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ನೀರು. ರಬ್ಬರ್ ನೀರಿನ ಕೊಳೆತ ಮೊಟ್ಟೆಯ ನಾತದಲ್ಲಿ ವರ್ಷಗಟ್ಟಲೆ ಕೂತವಳು ನಾನು. ಹಾಸ್ಟೆಲಿನಲ್ಲಿ ಊಟಕ್ಕೆ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಅಪ್ಪಚ್ಚನಿಗೆ ಪಾರ್ಶ್ವವಾಯು ಬಡಿದಿದೆ ಎಂದು ತಂತಿ ಬಂದಾಗ ಎಲ್ಲವನ್ನೂ ಇದ್ದಲ್ಲೇ ಬಿಟ್ಟು ಬಂದೆ. ಪ್ರೊಫೆಸರ್ ಆಗ ಕೆನಡಾದಲ್ಲಿದ್ದರು. "ನೀನು ಹೋಗು ಮಾರಾಯ್ತಿ, ಇಲ್ಲಿದ್ದು ಎಲ್ಲ ನಾನು ನೋಡಿಕೊಳ್ತೇನೆ" ಎಂದ ಪ್ರಸಾದ. ನೋಡಿಕೊಂಡ, ಚೆನ್ನಾಗಿಯೇ ನೋಡಿಕೊಂಡ. ಅಪ್ಪಚ್ಚನನ್ನು ಮಣ್ಣು ಮಾಡಿ, ಅಮ್ಮಚ್ಚಿ ಸ್ವಲ್ಪ ಸುಧಾರಿಸಿದ ಮೇಲೆ ನಾನು ಮದ್ರಾಸಿಗೆ ಬರೆದರೆ ಆಫೀಸಿನಿಂದ ಬಂದ ಉತ್ತರ ಇದು: ಆ ವಿಷಯದಲ್ಲಿ ರಾಮಪ್ರಸಾದರು ಪ್ರಬಂಧ ಒಪ್ಪಿಸಿ ಆಗಿದೆ, ತಾವು ಮದುವೆಯಾಗಿ ಕೇರಳಕ್ಕೆ ಹೋದಿರೆಂದು ಅವರೇ ತಿಳಿಸಿದ್ದರಿಂದ ತಮ್ಮ ಹೆಸರನ್ನು ತೆಗೆದುಹಾಕಲಾಗಿದೆ.

ಮದುವೆ ಮಾಡಿಸಿಬಿಟ್ಟ ಆಸಿಯಾ! ಗಂಡಿಲ್ಲದೆ, ಇಗರ್ಜಿಯಿಲ್ಲದೆ, ಪಾದ್ರಿಯಿಲ್ಲದೆ ನನ್ನ ಮದುವೆ ಮುಗಿಸಿಬಿಟ್ಟ. ಪ್ರೊಫೆಸರಿಗೆ ಬರೆದೆ, ಉತ್ತರ ಬರಲಿಲ್ಲ. ನನ್ನ ಕಾಗದ ಯಾರ ಕೈಯಲ್ಲಿ ನಿಂತಿತು ಎಂದು ಊಹಿಸಲು ಡಾಕ್ಟರೇಟ್ ಬೇಡ.

ಈಗ ನಿನಗೆ ಮಾತ್ರ ಒಂದು ಮಾತು. ಅವನು ಕದ್ದದ್ದು ಸರಿಯಾದ ಕೆಲಸವಲ್ಲ. ಅದರಲ್ಲೊಂದು ತಪ್ಪು ಇದೆ, ಮತ್ತು ಆ ತಪ್ಪು ನನ್ನದು.

ನಮ್ಮಲ್ಲಿ ರಬ್ಬರ್ ಹಾಲು ಎಲ್ಲಿ ಅಂಟಿದರೂ ಒದ್ದೆಯಿರುವಾಗ ಯಾರೂ ಮುಟ್ಟುವುದಿಲ್ಲ. ಮರಕ್ಕೆ ಕಟ್ಟಿದ ತೆಂಗಿನ ಗೆರಟೆಯಿರಲಿ, ಬಕೆಟ್ಟಿರಲಿ, ಉಟ್ಟ ಬಟ್ಟೆಯಿರಲಿ, ಒಣಗಲು ಬಿಟ್ಟು ಆಮೇಲೆ ಸಿಪ್ಪೆಯ ಹಾಗೆ ಎಳೆದು ತೆಗೆಯುವುದು. ಲ್ಯಾಬಿನಲ್ಲಿಯೂ ನಾನು ಅದನ್ನೇ ಮಾಡಿದೆ. ಕಿಟಕಿಗೆ ಹಗ್ಗ ಕಟ್ಟಿ, ಮನೆಯಲ್ಲಿ ರಬ್ಬರ್ ಶೀಟು ಒಣಗಲು ಹಾಕುವ ಹಾಗೆ ಪೊರೆಗಳನ್ನು ನೇತುಹಾಕಿದೆ. ಪದರ ಚೆಂದಕ್ಕೆ ಎದ್ದುಬಂತು, ಪೊರೆ ಹೊಸದರಂತೆ ಕಂಡಿತು. ಆದರೆ ಮತ್ತೆ ಹಾಕಿದರೆ ಮೊದಲಿನ ಅರ್ಧದಷ್ಟೂ ನೀರು ಹಾಯುತ್ತಿರಲಿಲ್ಲ. ರಬ್ಬರಿನ ಕಣ ಪೊರೆಯ ಸೂಕ್ಷ್ಮ ತೂತುಗಳೊಳಗೆ, ಅಂದರೆ ಅದರ ಕಣ್ಣುಗಳೊಳಗೆ, ಹೊಕ್ಕು ಖಾಯಮ್ಮಾಗಿ ಮುಚ್ಚುತ್ತದೆ ಎಂದು ಬರೆದಿಟ್ಟೆ.

ಕೊನೆಯ ವಾರ ಆ ಹಗ್ಗದಲ್ಲಿ ಹೊಸ ಪೊರೆಯೊಂದು ಹೇಗೋ ಸೇರಿಹೋಗಿತ್ತು. ರಬ್ಬರ್ ನೀರಿನ ಮುಖವನ್ನೇ ನೋಡದ್ದು. ಅದೂ ಒಣಗಿತು. ಅದನ್ನು ಹಾಕಿ ನೋಡಿದರೆ ಅದರಲ್ಲೂ ಅರ್ಧವೇ ನೀರು! ರಬ್ಬರ್ ಪಾಪ ಏನೂ ಮಾಡಿರಲಿಲ್ಲ. ಕಣ್ಣು ಮುಚ್ಚಿಸಿದ್ದು ನನ್ನ ಹಗ್ಗ. ಆ ಜಾತಿಯ ಪೊರೆ ಒಮ್ಮೆ ಒಣಗಿದರೆ ಕಣ್ಣುಗಳು ಕುಗ್ಗಿ ಕೂಡಿಕೊಳ್ಳುತ್ತವೆ, ಮತ್ತೆ ನೆನೆಸಿದರೂ ತೆರೆಯುವುದಿಲ್ಲ. ಮದ್ರಾಸಿನ ಯಾವ ಹುಡುಗನಿಗೂ ಹೊಳೆಯದ ತಪ್ಪನ್ನು ರಬ್ಬರಿನವರ ಮಗಳು ಮಾಡಿದ್ದೆ. ಸರಿಪಡಿಸುವ ಮೊದಲೇ ತಂತಿ ಬಂತು. ಯಾರಿಗೂ ಹೇಳಲು ಪುರುಸೊತ್ತಾಗಲಿಲ್ಲ.

ಅವನ ಡಾಕ್ಟರೇಟ್ ಕೂತಿರುವುದು ಆ ಹಗ್ಗದ ಮೇಲೆ. ಅದು ಅವನಿಗೇ ಗೊತ್ತಿಲ್ಲ. ಈಗ ಬಂದು ಕೇಳುತ್ತಿದ್ದಾನೆ, ಪದರ ತೆಗೆಯುವುದು ಹೇಗೆ ಎಂದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದದ್ದಲ್ಲದೆ ಪಾತ್ರೆ ತೊಳೆಯುವುದು ಹೇಗೆಂದು ನನ್ನನ್ನೇ ಕೇಳುತ್ತಿದೆ. ಹೇಳುತ್ತೇನೆ, ಯಾಕೆ ಹೇಳಬಾರದು? ಡಿಸೆಂಬರಿನಲ್ಲಿ ಪ್ರೊಫೆಸರ್ ಬರುತ್ತಾರೆ. ಅವರೆದುರು, ಅವನ ಬಾಯಿಯಿಂದಲೇ, ಆ ಕೆಲಸ ನನ್ನದೆಂದು ಬರಬೇಕು. ಅದನ್ನು ಕೇಳದೆ ನನಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ.

ನಿನ್ನ,
ಲಾಲಿ


ಕಡಬ
೧೬ ಅಕ್ಟೋಬರ್ ೧೯೮೬

ಡಾಕ್ಟರ್ ರಾಮಪ್ರಸಾದರಿಗೆ,

ತಮ್ಮ ಕಾಗದ ತಲುಪಿ ಸಂತೋಷವಾಯಿತು. ನಾವು ಇಲ್ಲಿ ಕ್ಷೇಮ. ಫ್ಯಾಕ್ಟರಿಯ ನೀರು ಹರಿದು ಸೇರುವ ತೋಡು ಮಾತ್ರ ಕ್ಷೇಮವಿಲ್ಲ, ಅದರ ಬಣ್ಣವನ್ನು ತಾವೇ ವಾರವಾರ ನೋಡುತ್ತಿದ್ದೀರಿ.

ಪದರದ ವಿಷಯ ಓದಿ ನನಗೆ ಆಶ್ಚರ್ಯ. ತಮ್ಮ ಪ್ರಬಂಧವೇ ಆ ಪದರದ ಬಗ್ಗೆಯಂತೆ. ಅಷ್ಟೊಂದು ಪೊರೆಗಳಿಂದ ಪದರ ಎಬ್ಬಿಸಿದವರು ತಾವು. ಅದು ಹೇಗೆಂದು ತಾವೇ ಎಲ್ಲೋ ಬರೆದಿರಬೇಕಲ್ಲವೇ? ನಾನು ಊರಲ್ಲಿ ಹಾಲು ಸುರಿದು ಶೀಟು ಮಾಡಿಕೊಂಡಿರುವವಳು. ವಿದ್ವಾಂಸರಿಗೆ ಏನು ಹೇಳಲಿ?

ಇಂತು,
ಲಾಲಿ ಕುರಿಯನ್


ಪುತ್ತೂರು
೨೯ ಅಕ್ಟೋಬರ್ ೧೯೮೬

ಪ್ರಿಯ ಲಾಲಿ,

ಇದೆಂಥ ತಾವು, ಡಾಕ್ಟರ್! ಇದೇ ಪುತ್ತೂರಿನ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಪ್ರಾಕ್ಟಿಕಲ್ ಮಾಡಿದವರು ನಾವು. ತಮಾಷೆಯೆಂದೇ ತಿಳಿದುಕೊಂಡೆ.

ನಿಜ ಹೇಳುತ್ತೇನೆ. ಪ್ರಬಂಧದಲ್ಲಿ "ಪದರವನ್ನು ಕೈಯಿಂದ ತೆಗೆಯಲಾಯಿತು" ಎಂದಷ್ಟೇ ಇದೆ. ನೀನು ಅಲ್ಲಿ ಕಿಟಕಿಯ ಹಗ್ಗಕ್ಕೆ ನೇತುಹಾಕುತ್ತಿದ್ದದ್ದು ನೆನಪಿದೆ. ಅದಕ್ಕೆ ಮೊದಲು ಎಣ್ಣೆ ಹಚ್ಚುತ್ತಿದ್ದೆಯೋ, ಆಸಿಡ್ಡೋ, ಅದು ಮರೆತುಹೋಗಿದೆ. ಪೊರೆಯ ಪೆಟ್ಟಿಗೆಯಲ್ಲಿ ಯಾವಾಗಲೂ ನೀರಿನಲ್ಲೇ ಇಡಿ ಎಂಬ ಚೀಟಿ ಇದೆ. ಅದು ದಾಸ್ತಾನು ಮಾಡುವವರಿಗೆ ಹೇಳಿದ್ದಿರಬೇಕು. ನೀನು ಒಣಗಿಸಿದ್ದು ಒಂದೂ ಹರಿದಿರಲಿಲ್ಲ ಅಲ್ಲವೇ? ಲ್ಯಾಬಿನಲ್ಲಿ ರಬ್ಬರ್ ಕಣ ಒಳಗೆ ಹೊಕ್ಕಿದ್ದರಿಂದ ಈ ಸಲ ಬೇಕೆಂದೇ ಇನ್ನೊಂದಿಷ್ಟು ದೊಡ್ಡ ಕಣ್ಣಿನ ಪೊರೆ ತರಿಸಿದ್ದೇನೆ. ಮೇಲಿನ ಪದರ ಎದ್ದುಬಂದರೆ ಸಾಕು, ಗೆದ್ದ ಹಾಗೆ.

ಬೇಗ ಬರೆ.

ನಿನ್ನ,
ಪ್ರಸಾದ


ಶಾರ್ಜಾ
೩ ನವೆಂಬರ್ ೧೯೮೬

ಲಾಲಿ,

ನಿನ್ನ ಕಾಗದ ಓದಿ ಅಡಿಗೆಮನೆಯಲ್ಲಿ ಒಬ್ಬಳೇ ಅವನಿಗೆ ಶಾಪ ಹಾಕಿದೆ. ಯಾರಿಗೆ ಬಯ್ಯುತ್ತೀ ಎಂದು ನಮ್ಮ ಮನೆಯವರು ಶುಕೂರ್ ಒಳಗೆ ಬಂದು ಕೇಳಿದರು. ಮಲಯಾಳಂ, ಬ್ಯಾರಿ, ತುಳು ಮೂರರಲ್ಲೂ ಬಯ್ದು ಮುಗಿಸಿ ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವನು ಮುಳುಗಬೇಕಾದವನೇ. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅವನು ಮುಳುಗುವುದು ನಮ್ಮ ತೋಡಿನಲ್ಲಿ. ಫ್ಯಾಕ್ಟರಿಯ ಕೆಳಗೆ ಮೊದಲ ಮನೆ ನನ್ನ ಉಮ್ಮನದು, ಅದನ್ನು ಮರೆತೆಯಾ? ತೋಡಿನ ನೀರು ಕುಡಿದ ನಮ್ಮ ಆಡು ತಿಂಗಳು ತುಂಬುವ ಮೊದಲೇ ಗಬ್ಬ ಹಾಕಿತು. ಉಮ್ಮನ ಬೆಳ್ಳಿ ಉಡಿದಾರ ಆ ನಾತಕ್ಕೆ ಕಪ್ಪಾಗಿದೆ. ಈ ಹೊಸ ಯಂತ್ರ ಬಂದರೆ ನೀರು ತಿಳಿಯಾಗುತ್ತದೆಂದು ಆಂಟಣಿಯವರು ಹೇಳಿದ್ದನ್ನು ನಂಬಿಕೊಂಡು ಕೂತಿದ್ದಾರೆ. ನೀನು ಪೊರೆ ಕೆಡಿಸಿದರೆ ಈ ವರ್ಷವೂ ಬಿಳಿ ನೀರೇ.

ಅವನಿಗೊಂದು ಅವಕಾಶ ಕೊಡು. ನಿಜ ಹೇಳು ಎಂದು ಒಮ್ಮೆ ಕೇಳು. ಹೇಳದಿದ್ದರೆ ಆಮೇಲೆ ಸೃಷ್ಟಿಸಿದವನು ನೋಡಿಕೊಳ್ಳಲಿ, ನೀನೂ ನೋಡಿಕೋ.

ನಿನ್ನ ಆಸಿಯಾ


ಕಡಬ
೧೦ ನವೆಂಬರ್ ೧೯೮೬

ರಾಮಪ್ರಸಾದರೇ,

ತಮಾಷೆ ಸಾಕು. ಆ ಕೆಲಸ ಯಾರದೆಂದು ನಿಮಗೂ ಗೊತ್ತು, ನನಗೂ ಗೊತ್ತು, ಗೊತ್ತಿಲ್ಲದವರು ಪ್ರೊಫೆಸರ್ ಒಬ್ಬರೇ. ಅವರಿಗೆ ನಾಲ್ಕು ಸಾಲು ಬರೆಯಿರಿ. ಲಾಲಿಗೆ ಮದುವೆಯಾಗಲಿಲ್ಲ, ಕೇರಳಕ್ಕೂ ಹೋಗಲಿಲ್ಲ, ಅಂಕಿಗಳು ಅವಳವು. ಇಷ್ಟು ಬರೆದರೆ ಪದರದ ವಿಷಯ ಮಾತ್ರವಲ್ಲ, ನನಗೆ ತಿಳಿದದ್ದನ್ನೆಲ್ಲ ಹೇಳಿಕೊಡುತ್ತೇನೆ. ನಿಮ್ಮ ಪ್ರಬಂಧದಲ್ಲಿ ಇಲ್ಲದ್ದನ್ನೂ ಹೇಳಿಕೊಡುತ್ತೇನೆ. ನಾನು ಇದನ್ನು ಕೇಳುತ್ತಿರುವುದು ನಿಮ್ಮ ಮೇಲಿನ ಕರುಣೆಯಿಂದಲ್ಲ, ಫ್ಯಾಕ್ಟರಿಯ ಕೆಳಗಿರುವವರ ಮುಖ ನೋಡಿ.

ಲಾಲಿ ಕುರಿಯನ್


ಪುತ್ತೂರು
೧೭ ನವೆಂಬರ್ ೧೯೮೬

ಪ್ರಿಯ ಲಾಲಿ,

ಹಳೆಯದನ್ನು ಕೆದಕಿ ಯಾರಿಗೆ ಏನು ಸಿಗುತ್ತದೆ? ನೀನು ಬಿಟ್ಟುಹೋದೆ. ಯಾರಾದರೂ ಮುಗಿಸಬೇಕಿತ್ತು. ಬರೆದವನು ನಾನು, ಪರೀಕ್ಷಕರ ಎದುರು ನಿಂತು ಉತ್ತರಿಸಿದವನು ನಾನು. ಹೆತ್ತವಳಿಗಿಂತ ಸಾಕಿದವಳು ಹೆಚ್ಚು ಎಂಬ ಮಾತಿಲ್ಲವೇ? ನಿನಗೆ ಈಗ ಡಾಕ್ಟರೇಟ್ ಬಂದು ಆಗಬೇಕಾದದ್ದಾದರೂ ಏನು? ನಿನಗೆ ಮನೆಯಿದೆ, ತೋಟವಿದೆ. ನನಗೆ ಇರುವುದು ಇದೊಂದೇ. ಮೇ ತಿಂಗಳಲ್ಲಿ ನನ್ನ ಮದುವೆ ಬೇರೆ ನಿಶ್ಚಯವಾಗಿದೆ.

ಮದುವೆಯ ಸುಳ್ಳು ಹೇಳಬಾರದಿತ್ತು, ಒಪ್ಪುತ್ತೇನೆ. ಆ ಹೊತ್ತಿಗೆ ಬಾಯಿಗೆ ಬಂತು.

ಪದರದ ವಿಷಯ ಮಾತ್ರ ದಯವಿಟ್ಟು ಬೇಗ ಬರೆ. ಹೊತ್ತಿಲ್ಲ.

ಪ್ರಸಾದ


ಕಡಬ
೨೦ ನವೆಂಬರ್ ೧೯೮೬

ರಾಮಪ್ರಸಾದರೇ,

ಪದರ ಎಬ್ಬಿಸುವುದು ಹೇಗೆ ಎಂದು ಕೇಳಿದಿರಿ. ಉತ್ತರ ಇದು. ಎಣ್ಣೆ ಬೇಡ, ಆಸಿಡ್ ಬೇಡ. ಚೌಕಟ್ಟಿನಿಂದ ಬಿಚ್ಚಿ, ಗಾಳಿಯಾಡುವ ನೆರಳಿನಲ್ಲಿ ಹಗ್ಗಕ್ಕೆ ಹಾಕಿ. ಕೈಗೆ ಅಂಟದಷ್ಟು ಒಣಗಿದ ಮೇಲೆ ಒಂದು ಮೂಲೆಯಿಂದ ಎಳೆಯಿರಿ. ಇಡಿಯಾಗಿ ಬರುತ್ತದೆ.

ಹರಿದಿತ್ತೇ ಎಂದೂ ಕೇಳಿದ್ದಿರಿ. ಇಲ್ಲ, ನನ್ನ ಕೈಯಲ್ಲಿ ಒಂದೂ ಹರಿಯಲಿಲ್ಲ.

ಲಾಲಿ ಕುರಿಯನ್


ಪುತ್ತೂರು
೪ ಡಿಸೆಂಬರ್ ೧೯೮೬

ಪ್ರಿಯ ಲಾಲಿ,

ನಿನಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು! ಆಂಟಣಿಯವರ ಶೀಟು ಹಾಕುವ ಶೆಡ್ಡಿನಲ್ಲಿಯೇ ಎಲ್ಲವನ್ನೂ ನೇತುಹಾಕಿದೆವು. ಪದರ ಬಾಳೆಯ ಪಟ್ಟೆಯಿಂದ ನಾರು ಬಂದ ಹಾಗೆ ಬಂತು. ನಾವು ಅಡಿಕೆಯವರು, ಒಣಗಿಸಿದರೆ ಯಾವುದೂ ಕೆಡುವುದಿಲ್ಲ ಎಂದು ನನ್ನ ಅಪ್ಪ ಹೇಳುವುದು ಸುಳ್ಳಲ್ಲ. ಒಂದು ಪೆಟ್ಟಿಗೆಯನ್ನು ಮಾತ್ರ ಹೆಚ್ಚುವರಿಯೆಂದು ತೆರೆಯದೆ ಇಟ್ಟಿದ್ದೇನೆ.

ಹದಿಮೂರರಂದು ಪ್ರೊಫೆಸರ್ ಮುಂದೆಯೇ ಪೊರೆ ಕೂಡಿಸಿ ಚಾಲು ಮಾಡುತ್ತೇವೆ. ನೀನು ಬರದಿದ್ದರೆ ಒಳ್ಳೆಯದೆಂದು ಕಾಣುತ್ತದೆ. ಅಪಾರ್ಥ ಮಾಡಿಕೊಳ್ಳಬೇಡ.

ಪ್ರಸಾದ


ಕಡಬ
೧೬ ಡಿಸೆಂಬರ್ ೧೯೮೬

ಆಸಿಯಾ,

ಬರಬೇಡ ಎಂದ. ಹೋದೆ. ಪೆಟ್ಟಿಗೆಯಲ್ಲಿ ಮೇಲಿದ್ದ ಅಮ್ಮಚ್ಚಿಯ ಬಿಳಿ ಚಟ್ಟೆ ಮುಂಡಿನ ಉಡುಪನ್ನು ಬದಿಗಿಟ್ಟು, ಅಡಿಯಿಂದ ಈಸ್ಟರಿಗೆ ಉಡುವ ಸೀರೆ ತೆಗೆದು ಉಟ್ಟು ಹೋದೆ. ರಬ್ಬರ್ ಶೀಟಿನ ರೋಲರ್ ತಿರುಗಿಸುವ ಹೆಂಗಸರ ಗುಂಪಿನಲ್ಲಿ ಹಿಂದೆ ನಿಂತೆ. ನಿನ್ನ ಉಮ್ಮನೂ ಬಂದಿದ್ದರು, ತಿಳಿ ನೀರು ನೋಡುವುದಕ್ಕೆ. ಅವರು ಪಕ್ಕದಲ್ಲಿ ಬಂದು ನಿಂತಾಗ ನನಗೆ ಮೈಯೆಲ್ಲ ಮುಳ್ಳು ಚುಚ್ಚಿತು, ಸುಳ್ಳು ಯಾಕೆ ಹೇಳಲಿ.

ಆಂಟಣಿಚೇಟ್ಟ ಚೆಂಡುಹೂವಿನ ತೋರಣ ಕಟ್ಟಿಸಿದ್ದ. ಪ್ರೊಫೆಸರರ ಕೂದಲು ನೆರೆತಿದೆ, ಸಿಡುಕು ಹಾಗೆಯೇ ಇದೆ. ಪ್ರಸಾದ ಮೈಕ್ ಹಿಡಿದು ಇಂಗ್ಲಿಷಿನಲ್ಲಿ ಮಾತಾಡಿದ, ಆಮೇಲೆ ನಮ್ಮಂಥವರಿಗಾಗಿ ಕನ್ನಡದಲ್ಲಿ. ಪಂಪು ಹಾಕಿದರು. ಎಲ್ಲರೂ ಕೊಳವೆಯ ಬಾಯಿಯನ್ನೇ ನೋಡುತ್ತಿದ್ದೆವು. ನೀರು ಬಂತು. ಬಂದದ್ದು ಹೇಗೆ ಗೊತ್ತೇ, ಮುದುಕನಿಗೆ ಮೂತ್ರ ಕಟ್ಟಿದ ಹಾಗೆ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಪ್ರಸಾದ ಪಂಪಿನ ಒತ್ತಡ ಏರಿಸಲು ಹೇಳಿದ. ಹಿಂದಿನ ತೊಟ್ಟಿ ತುಂಬಿ, ನೊರೆ ಎದ್ದು, ಗೋಡೆ ಹಾರಿ, ಬಿಳಿ ನೀರು ಎಲ್ಲರ ಚಪ್ಪಲಿ ನೆನೆಸಿಕೊಂಡು ಸೀದಾ ತೋಡಿಗೆ ಇಳಿಯಿತು.

ಪ್ರೊಫೆಸರ್ ಪಂಪು ನಿಲ್ಲಿಸಿ ಒಂದು ಚೌಕಟ್ಟು ಬಿಚ್ಚಿಸಿದರು. ಪೊರೆಯನ್ನು ಬೆರಳಿನಲ್ಲಿ ಉಜ್ಜಿ ನೋಡಿದರು. "ಇದನ್ನು ಯಾವ ಮುಟ್ಠಾಳ ಒಣಗಿಸಿದ್ದು?" ಎಂದು ಗುಡುಗಿದರು.

ಪ್ರಸಾದನ ಮುಖ ಸುಣ್ಣವಾಯಿತು. "ನಾನಲ್ಲ ಸರ್, ಲಾಲಿ ಹೇಳಿದ್ದು. ಇದು ಅವಳದೇ ಪದ್ಧತಿ. ಮದ್ರಾಸಿನಲ್ಲಿ ಪ್ರತಿಯೊಂದು ಪೊರೆಯನ್ನೂ ಅವಳು ಹೀಗೇ ಒಣಗಿಸಿದ್ದು."

"ಪ್ರತಿಯೊಂದು ಎಂದರೆ ಯಾವುದು?"

"ಎಲ್ಲ ಸರ್! ಆ ಪ್ರಯೋಗ ಎಲ್ಲ ಅವಳೇ ಮಾಡಿದ್ದು, ನಾನು ಒಂದನ್ನೂ ಮುಟ್ಟಲಿಲ್ಲ!"

ಹೇಳಿ ಮುಗಿದ ಮೇಲೆ ಅವನಿಗೆ ಕೇಳಿಸಿತು, ತಾನು ಏನು ಹೇಳಿದೆ ಎಂದು. ಮೈಕ್ ಇನ್ನೂ ಅವನ ಕೈಯಲ್ಲೇ ಇತ್ತು. ಕಡಬ ಪೇಟೆಯವರೆಗೂ ಕೇಳಿರಬೇಕು.

ಪ್ರೊಫೆಸರ್ ಪೊರೆಯನ್ನು ಕೆಳಗಿಟ್ಟು, "ಯಾವ ಲಾಲಿ? ಮದುವೆಯಾಗಿ ಹೋದಳೆಂದೆಯಲ್ಲ, ಅವಳೇ?" ಎಂದರು.

ನಾನು ಹೆಂಗಸರ ನಡುವಿನಿಂದ ಮುಂದೆ ಬಂದೆ. "ನಾನೇ ಸರ್. ಮದುವೆ ಇನ್ನೂ ಆಗಲಿಲ್ಲ."

ಒಳ್ಳೆಯದಕ್ಕೆಲ್ಲ ತನ್ನ ಹೆಸರು ಹಾಕಿಕೊಂಡವನು ಕೆಟ್ಟದ್ದು ಬಂದ ಕೂಡಲೇ ನನ್ನ ಹೆಸರನ್ನು ಪೂರ್ತಿ ಹಿಂದಿರುಗಿಸಿಬಿಟ್ಟ. ನಾನು ಎದುರು ನೋಡಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಅಲ್ಲಿ ನಿಂತಾಗ ನನಗಾದ ಸಂತೋಷವನ್ನು ಪಾದ್ರಿಯ ಹತ್ತಿರ ಹೇಳಿಕೊಳ್ಳುವಂತಿಲ್ಲ. ಆ ತಪ್ಪು ನನ್ನದೇ, ಅದು ತಪ್ಪೆಂದು ಕಂಡುಕೊಂಡವಳೂ ನಾನೇ ಎಂದು ಪ್ರೊಫೆಸರಿಗೆ ಹೇಳಿದೆ. ಹೊಸ ಪೊರೆಯ ಕತೆ ಕೇಳಿ ಅವರು ನಕ್ಕರು. "ಬಾ, ಬಂದು ಮುಗಿಸು" ಎಂದರು.

ಆದರೆ ಹಿಂದಿರುಗಿ ನೋಡಿದರೆ ನಿನ್ನ ಉಮ್ಮ ತೋಡಿನ ಬದಿಯಲ್ಲಿ ನಿಂತಿದ್ದರು. ಅವರಿಗೆ ಎಲ್ಲ ಅರ್ಥವಾಗಿತ್ತು. "ಎಂತ ಮೋಳೆ, ನಿಮ್ಮಿಬ್ಬರ ಜಗಳಕ್ಕೆ ನಮ್ಮ ತೋಡೇ ಬೇಕಿತ್ತಾ? ಬೇರೆ ಜಾಗ ಇರಲಿಲ್ವಾ?" ಎಂದರು, ಮಗಳನ್ನು ಕೇಳಿದ ಹಾಗೆ. ಬಯ್ದಿದ್ದರೆ ಒಳ್ಳೆಯದಿತ್ತು. ಅವರು ಬಯ್ಯಲೂ ಇಲ್ಲ.

ಲಾಲಿ


ಕೆದಂಬಾಡಿ
೨೮ ಜನವರಿ ೧೯೮೭

ಲಾಲಿ,

ನಿನಗೆ ತೃಪ್ತಿಯಾಯಿತೇ? ಕಂಪೆನಿಯವರು ನನ್ನನ್ನು ಮನೆಗೆ ಕಳಿಸಿದ್ದಾರೆ. ಡಾಕ್ಟರೇಟ್ ಯಾಕೆ ಹಿಂತೆಗೆಯಬಾರದೆಂದು ಮದ್ರಾಸಿನಿಂದ ನೋಟೀಸು ಬಂದಿದೆ. ಹೆಣ್ಣಿನ ಕಡೆಯವರು ಸುಮ್ಮನಾಗಿದ್ದಾರೆ. ಅಪ್ಪ ನನ್ನೊಡನೆ ಮಾತಾಡುವುದಿಲ್ಲ.

ನಾನು ಕದ್ದೆ ಎನ್ನುತ್ತೀಯಲ್ಲ, ನೀನು ಮಾಡಿದ್ದೇನು? ಪೊರೆ ಸಾಯುತ್ತದೆಂದು ಗೊತ್ತಿದ್ದೂ ಒಣಗಿಸು ಎಂದೆ. ನನ್ನ ಮೇಲಿನ ಹಗೆಗೆ ತೋಡಿಗೆ ವಿಷ ಬಿಟ್ಟವಳು ನೀನು. ಕೆಳಗಿನ ಮನೆಯವರು ನಿನಗೆ ಏನು ಮಾಡಿದ್ದರು?

ಇನ್ನೂ ಕಾಲ ಮಿಂಚಿಲ್ಲ. ಕೆಲಸ ಇಬ್ಬರದೂ ಸೇರಿ ಎಂದು ಪ್ರೊಫೆಸರಿಗೆ ಒಂದು ಕಾಗದ ಬರೆ. ನಿನಗೆ ನಷ್ಟವಿಲ್ಲ, ನಾನು ಉಳಿಯುತ್ತೇನೆ. ಕೈಮುಗಿದು ಕೇಳುತ್ತಿದ್ದೇನೆ.

ರಾಮಪ್ರಸಾದ


ಮದ್ರಾಸು
೯ ಮಾರ್ಚ್ ೧೯೮೭

ರಾಮಪ್ರಸಾದ,

ನಿನ್ನ ಕಾಗದ ಕಡಬ ಸುತ್ತಿ ಇಲ್ಲಿಗೆ ಬಂತು. ನಾನು ಮತ್ತೆ ಆ ಕಿಟಕಿಯ ಪಕ್ಕದ ಮೇಜಿನಲ್ಲೇ ಕೂತಿದ್ದೇನೆ. ಹಗ್ಗ ಬಿಚ್ಚಿ ಎಸೆದಿದ್ದೇನೆ.

ತೋಡಿನ ಮಾತು ಬರೆದೆಯಲ್ಲ, ಅದು ತಾಗಿತು. ನಿನ್ನ ಇಡೀ ಕಾಗದದಲ್ಲಿ ನಿಜವಾದದ್ದು ಅದೊಂದೇ. ಆದರೆ ಅದಕ್ಕೆ ನಾನು ಉತ್ತರ ಕೊಡಬೇಕಾದದ್ದು ನಿನಗಲ್ಲ, ಕೆಳಗಿನ ಮನೆಯ ರುಕಿಯಾ ಉಮ್ಮನಿಗೆ. ಕೊಟ್ಟು ಬಂದಿದ್ದೇನೆ. ಜನವರಿ ಪೂರ್ತಿ ಫ್ಯಾಕ್ಟರಿಯಲ್ಲೇ ಇದ್ದೆ. ರಬ್ಬರನ್ನು ಪೊರೆಯವರೆಗೆ ಬರಲು ಬಿಟ್ಟದ್ದೇ ನಿನ್ನ ದಡ್ಡತನ. ಆಂಟಣಿಚೇಟ್ಟನ ಹಳೆಯ ಸಿಮೆಂಟ್ ತೊಟ್ಟಿಯಲ್ಲಿ ನೀರನ್ನು ಒಂದು ದಿನ ನಿಲ್ಲಿಸಿ ಆಸಿಡ್ ಹಾಕಿದೆವು. ಅಳಿದುಳಿದ ಹಾಲೆಲ್ಲ ಕೆನೆಯ ಹಾಗೆ ಮೇಲೆ ಕಟ್ಟಿತು. ಅದನ್ನು ತೆಗೆದು, ಸುಣ್ಣ ಹಾಕಿ ಹುಳಿ ಮುರಿದು, ಆಮೇಲೆ ಬ್ಯಾಕ್ಟೀರಿಯಾಕ್ಕೆ ಕೊಟ್ಟೆವು. ನೀನು ತೆರೆಯದೆ ಇಟ್ಟಿದ್ದ ಪೆಟ್ಟಿಗೆಯ ಪೊರೆ ಹಾಕಿದೆವು. ಈಗ ಪೊರೆಯ ಮೇಲೆ ಕೂರುವುದು ಬರೀ ಲೋಳೆ. ಆಗಾಗ ನೀರನ್ನು ಹಿಂದಿನಿಂದ ಮುಂದಕ್ಕೆ ಹಾಯಿಸಿದರೆ ತಾನಾಗಿ ಬಿಡುತ್ತದೆ. ನೀನು ನವೆಂಬರಿನಲ್ಲಿ ನಾಲ್ಕು ಸಾಲು ಬರೆದಿದ್ದರೆ ಇದನ್ನೆಲ್ಲ ಆಗಲೇ ನಿನಗೆ ಕೊಡುತ್ತಿದ್ದೆ. ಚಪ್ಪಾಳೆ ನಿನಗೇ ಬೀಳುತ್ತಿತ್ತು.

ಉಮ್ಮ ನನ್ನೊಡನೆ ಇನ್ನೂ ಮೊದಲಿನ ಹಾಗೆ ಮಾತಾಡುವುದಿಲ್ಲ. ಅದು ನನ್ನ ಪಾಲಿನದು, ನಾನು ಉಣ್ಣುತ್ತೇನೆ. ನಿನ್ನ ಪಾಲಿನದನ್ನು ನೀನು ಉಣ್ಣು.

ಜಂಟಿ ಎಂದು ಬರೆಯಬೇಕಂತೆ. ಬರೆಯುವುದಿಲ್ಲ. ಅಪ್ಪಚ್ಚ ಬಾಯಿ ಸೊಟ್ಟಗಾಗಿ ಮಲಗಿದ್ದಾಗಲೂ, ಮಾತು ಬಾರದಿದ್ದರೂ, ಕೈಸನ್ನೆ ಮಾಡಿ ಮದ್ರಾಸಿಗೆ ಹೋಗು ಎನ್ನುತ್ತಿದ್ದರು. ನಾನು ಹೋಗುತ್ತೇನೆ ಎನ್ನುತ್ತಿದ್ದೆ. ಆ ಹೊತ್ತಿಗೆ ನೀನು ನನ್ನನ್ನು ಮದುವೆ ಮಾಡಿಸಿ ಕಳಿಸಿ ಆಗಿತ್ತು. ಇದನ್ನು ನಾನು ಕ್ಷಮಿಸುವುದಿಲ್ಲ. ಕ್ಷಮಿಸಬೇಕೆಂದು ಪ್ರತಿ ಭಾನುವಾರ ಕೇಳಿಸಿಕೊಳ್ಳುತ್ತೇನೆ, ಆದರೂ ಇಲ್ಲ.

ಆದರೆ ನೀನು ಮಾಡಿದ್ದನ್ನು ನಾನು ಮರೆಮಾಚುವವಳಲ್ಲ. ನನ್ನ ಪ್ರಬಂಧ ಮುಗಿಯುತ್ತಾ ಬಂದಿದೆ. ಉಪಕಾರ ಸ್ಮರಣೆಯ ಪುಟದಲ್ಲಿ ನಿನ್ನ ಹೆಸರು ಇರುತ್ತದೆ. ಪ್ರೊಫೆಸರ್ ಬೇಡವೆಂದರು, ನಾನೇ ಹಟ ಹಿಡಿದೆ. ಸಾಲು ಹೀಗಿದೆ: "ಒಣಗಿದ ಪೊರೆ ಮತ್ತೆ ಚೇತರಿಸಿಕೊಳ್ಳುವುದಿಲ್ಲ ಎಂಬ ನನ್ನ ತೀರ್ಮಾನವನ್ನು ಜಪಾನಿನ ಪೊರೆಗಳ ಮೇಲೆ, ದೊಡ್ಡ ಪ್ರಮಾಣದಲ್ಲಿ, ಸಾರ್ವಜನಿಕರ ಸಮ್ಮುಖದಲ್ಲಿ ಸ್ವತಂತ್ರವಾಗಿ ಸಾಬೀತುಪಡಿಸಿದ ಕೆದಂಬಾಡಿಯ ರಾಮಪ್ರಸಾದ ಇವರಿಗೆ ಋಣಿ."

ರಾಮಪ್ರಸಾದ ಎಂಬುದರ ಹಿಂದೆ ಡಾಕ್ಟರ್ ಎಂದು ಟೈಪು ಮಾಡಿಸಿದ್ದೆ. ನೋಟೀಸಿನ ತೀರ್ಪು ಬರಲಿ ಎಂದು ಸದ್ಯಕ್ಕೆ ಅಷ್ಟು ಜಾಗವನ್ನು ಖಾಲಿ ಬಿಡಿಸಿದ್ದೇನೆ.

ಲಾಲಿ ಕುರಿಯನ್